ಎರಡು ಕಾರ್ಡುಗಳ ನಡುವೆ

ಗಿಟಾರನ್ನು ಗುರುವಿಲ್ಲದೆ ತಾವಾಗಿಯೇ ಕಲಿಯಲು ಹೊರಟವರಲ್ಲಿ ಬಹುಪಾಲು ಜನ ಮೊದಲ ಕೆಲವು ವಾರಗಳಲ್ಲೇ ಒಂದು ವಿಚಿತ್ರ ಘಟ್ಟಕ್ಕೆ ಬಂದು ನಿಲ್ಲುತ್ತಾರೆ. ಸಿ ಎಂಬ ಕಾರ್ಡನ್ನು ಹಿಡಿಯಲು ಬರುತ್ತದೆ, ಜಿ ಎಂಬುದನ್ನು ಹಿಡಿಯಲೂ ಬರುತ್ತದೆ, ಸಾವಧಾನವಾಗಿ ಬೆರಳಿಟ್ಟು ಮೀಟಿದರೆ ಎರಡೂ ಸ್ಪಷ್ಟವಾಗಿಯೇ ನುಡಿಯುತ್ತವೆ. ಆದರೆ ಲಯ ಕೆಡದಂತೆ ಒಂದರಿಂದ ಇನ್ನೊಂದಕ್ಕೆ ದಾಟುವುದು ಮಾತ್ರ ಏನು ಮಾಡಿದರೂ ಕೂಡಿಬರುವುದಿಲ್ಲ. ಹಟ ಹಿಡಿದು ಒಂದು ಗಂಟೆ ತಿಕ್ಕಿದರೆ ಕೈ ಸುಧಾರಿಸುವ ಬದಲು ಇನ್ನಷ್ಟು ಹದಗೆಡುತ್ತದೆ, ಬೇಸತ್ತು ವಾದ್ಯವನ್ನು ಬದಿಗಿಟ್ಟು ಮಲಗಿದವರು ಮರುದಿನ ಅದನ್ನು ಎತ್ತಿಕೊಂಡಾಗ, ನಡುವೆ ಒಂದು ಸಲವೂ ಮುಟ್ಟದಿದ್ದರೂ, ಬೆರಳುಗಳು ಹಿಂದಿನ ರಾತ್ರಿಗಿಂತ ಸಲೀಸಾಗಿ ಜಾಗಕ್ಕೆ ಬೀಳುತ್ತವೆ.

ಬೆರಳಿಗೆ ಬಲ ಸಾಲದು ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ಒಂದು ವಿವರಣೆ, ಸಂಗೀತ ಹುಟ್ಟಿನಿಂದ ಬರಬೇಕು ಎಂಬುದು ಇನ್ನೊಂದು. ಬಲದ ವಿವರಣೆ ನಿಜವಾಗಿದ್ದರೆ ಒಂದೇ ರಾತ್ರಿಯಲ್ಲಿ ಸ್ನಾಯು ಬೆಳೆದಿರಬೇಕು, ಹುಟ್ಟುಗುಣದ ವಿವರಣೆ ನಿಜವಾಗಿದ್ದರೆ ಮರುದಿನವೂ ಏನೂ ಬದಲಾಗಬಾರದು. ಹಾಗಾಗಿ ಎರಡು ಕಾರ್ಡುಗಳ ನಡುವೆ ದಾಟಲಾಗದಿರುವುದು, ಮರುದಿನ ಕೈ ತಾನಾಗಿ ಸಲೀಸಾಗುವುದು ಎಂಬ ಈ ಎರಡು ಒಗಟುಗಳಿಗೆ ಉತ್ತರವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ತಂತಿ, ಚರ್ಮ, ಜಡ್ಡು

ಅಕೂಸ್ಟಿಕ್ ಗಿಟಾರ್ ಎಂದರೆ ವಿದ್ಯುತ್ತಿನ ಹಂಗಿಲ್ಲದೆ ತನ್ನ ಮರದ ಟೊಳ್ಳು ಒಡಲಿನಿಂದಲೇ ನಾದವನ್ನು ಹಿಗ್ಗಿಸುವ ವಾದ್ಯ. ಅದರ ಆರು ತಂತಿಗಳನ್ನು ದಪ್ಪದಿಂದ ತೆಳುವಿನತ್ತ ಇ, ಎ, ಡಿ, ಜಿ, ಬಿ, ಇ ಎಂಬ ಸ್ವರಗಳಿಗೆ ಶ್ರುತಿ ಮಾಡುತ್ತಾರೆ. ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ತೆಳು ಇ ಸುಮಾರು 330 ಸಲ ಕಂಪಿಸುತ್ತದೆ. ತಂತಿಗಳ ಕೆಳಗೆ, ವೀಣೆಯ ಮೆಟ್ಟಿಲುಗಳ ಕೆಲಸವನ್ನೇ ಮಾಡುವ ಲೋಹದ ಅಡ್ಡಪಟ್ಟಿಗಳಿರುತ್ತವೆ, ಅವು ಫ್ರೆಟ್‌ಗಳು. ತಂತಿಯನ್ನು ಒಂದು ಫ್ರೆಟ್‌ಗೆ ತಾಗುವಂತೆ ಒತ್ತಿದಾಗ ಕಂಪಿಸುವ ಉದ್ದ ಕಡಿಮೆಯಾಗಿ ಸ್ವರ ಮೇಲೇರುತ್ತದೆ. ಹೀಗೆ ಎರಡು ಮೂರು ತಂತಿಗಳನ್ನು ಬೇರೆ ಬೇರೆ ಜಾಗಗಳಲ್ಲಿ ಒತ್ತಿ, ಉಳಿದವನ್ನು ತೆರೆದೇ ಬಿಟ್ಟು, ಎಲ್ಲವನ್ನೂ ಒಟ್ಟಿಗೆ ಮೀಟಿದಾಗ ಹುಟ್ಟುವ ಸ್ವರಗುಚ್ಛವೇ ಕಾರ್ಡ್. ಒಂದಾದ ಮೇಲೊಂದು ಸ್ವರ ಸಾಗುವ ರಾಗಸಂಗೀತಕ್ಕೆ ಒಗ್ಗಿದ ಕಿವಿಗೆ ಏಕಕಾಲದಲ್ಲಿ ನಿಲ್ಲುವ ಈ ಗುಚ್ಛ ಸ್ವಲ್ಪ ಹೊಸದು, ಆದರೆ ಚಿತ್ರಗೀತೆಗಳನ್ನು ಕೇಳಿ ಬೆಳೆದ ಯಾರಿಗೂ ಅದು ತೀರ ಅಪರಿಚಿತವೇನಲ್ಲ.

ಉಕ್ಕಿನ ತಂತಿಗಳ ಒಂದು ಸಾಧಾರಣ ಜೋಡಣೆಯಲ್ಲಿ ಆರು ತಂತಿಗಳು ಸೇರಿ ಸುಮಾರು 70 ಕಿಲೋ ತೂಕದಷ್ಟು ಬಿಗಿತದಿಂದ ವಾದ್ಯವನ್ನು ಎಳೆಯುತ್ತಿರುತ್ತವೆ. ಸಂಖ್ಯೆ ಹೆದರಿಸುವಂತಿದ್ದರೂ ಬೆರಳು ಈ ಬಿಗಿತದೊಂದಿಗೆ ಸೆಣಸಬೇಕಿಲ್ಲ, ತಂತಿಯನ್ನು ಒಂದೆರಡು ಮಿಲಿಮೀಟರು ಕೆಳಕ್ಕೆ ಬಾಗಿಸಿದರೆ ಸಾಕು, ಅದಕ್ಕೆ ಬೇಕಾದ ಬಲ ಬಿಗಿತದ ಒಂದು ಸಣ್ಣ ಪಾಲು ಮಾತ್ರ. ಆ ಸಣ್ಣ ಪಾಲು ಕೂಡ ಬೆರಳು ಎಲ್ಲಿದೆ ಎಂಬುದರ ಮೇಲೆ ಬದಲಾಗುತ್ತದೆ. ಬೆರಳ ತುದಿ ಫ್ರೆಟ್‌ನ ಬೆನ್ನಿಗೇ, ಅದಕ್ಕೆ ತಾಗುವಷ್ಟು ಸಮೀಪದಲ್ಲಿ ಇದ್ದರೆ ತಂತಿ ತಟ್ಟನೆ ಲೋಹದ ಮೇಲೆ ಕೂರುತ್ತದೆ. ಎರಡು ಫ್ರೆಟ್‌ಗಳ ನಟ್ಟನಡುವೆ ಒತ್ತಿದರೆ ತಂತಿಯನ್ನು ಮರದತ್ತ ಇನ್ನಷ್ಟು ಆಳಕ್ಕೆ ತಳ್ಳದ ಹೊರತು ಅದು ಲೋಹದ ಮೇಲೆ ಗಟ್ಟಿಯಾಗಿ ನಿಲ್ಲುವುದಿಲ್ಲ, ನಿಲ್ಲದಿದ್ದಾಗ ಜರ್ ಎಂಬ ಸದ್ದು ಬರುತ್ತದೆ. ಹೊಸಬರು ಆ ಸದ್ದಿಗೆ ಇನ್ನೂ ಜೋರಾಗಿ ಒತ್ತುವುದನ್ನೇ ಮದ್ದೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಬೆರಳನ್ನು ಅರ್ಧ ಸೆಂಟಿಮೀಟರು ಮುಂದಕ್ಕೆ ಸರಿಸಿದರೆ ಹೆಚ್ಚಿನ ಸಲ ಸದ್ದು ತಾನಾಗಿ ಅಡಗುತ್ತದೆ, ಅತಿಯಾಗಿ ಒತ್ತಿದರೆ ತಂತಿ ಹಿಗ್ಗಿ ಸ್ವರ ಏರಿ ಅಪಶ್ರುತಿಯಾಗುವ ತೊಂದರೆಯೂ ತಪ್ಪುತ್ತದೆ.

ನೋವಿನ ಮಾತು ಬೇರೆ. ತೆಳು ಇ ತಂತಿಯ ದಪ್ಪ ಸುಮಾರು 0.3 ಮಿಲಿಮೀಟರು, ಅಷ್ಟು ಕಿರಿದಾದ ಗೆರೆಯ ಮೇಲೆ ಬೆರಳ ತುದಿಯ ಒತ್ತಡವೆಲ್ಲ ಬೀಳುವುದರಿಂದ ಬಲ ಕಡಿಮೆಯಿದ್ದರೂ ಚರ್ಮಕ್ಕೆ ಅದು ಕಡಿತದಂತೆಯೇ. ಮತ್ತೆ ಮತ್ತೆ ಒತ್ತಡ, ಉಜ್ಜಾಟಕ್ಕೆ ಸಿಕ್ಕ ಚರ್ಮ ತನ್ನ ಹೊರಪದರದ ಜೀವಕೋಶಗಳನ್ನು ಬೇಗ ಬೇಗ ತಯಾರಿಸಿ, ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು ತುಂಬಿದ ಸತ್ತ ಪದರವನ್ನು ದಪ್ಪಗೊಳಿಸುತ್ತದೆ, ಇದೇ ಜಡ್ಡು. ಇದು ಎರಡರಿಂದ ನಾಲ್ಕು ವಾರಗಳಲ್ಲಿ ತಕ್ಕಮಟ್ಟಿಗೆ ಕಟ್ಟಿಕೊಳ್ಳುತ್ತದೆ, ಪ್ರತಿದಿನ ಸ್ವಲ್ಪ ಸ್ವಲ್ಪ ನುಡಿಸಿದವರಿಗೆ ಕಟ್ಟಿಕೊಳ್ಳುತ್ತದೆ, ಭಾನುವಾರ ಮೂರು ಗಂಟೆ ನುಡಿಸಿ ಬೊಬ್ಬೆ ಎಬ್ಬಿಸಿಕೊಂಡವರಿಗೆ ಅಲ್ಲ. ಬೆರಳ ತುದಿಯ ಉರಿ ಹೀಗೆ ಕಾಲಕ್ರಮದಲ್ಲಿ ಹೋಗುವಂಥದ್ದು. ಮಣಿಕಟ್ಟಿನಲ್ಲೋ ಮುಂದೋಳಿನಲ್ಲೋ ನೋವು ಬಂದರೆ ಅದು ಕುಳಿತ ಭಂಗಿ ತಪ್ಪಿದ್ದರ ಅಥವಾ ಅತಿಯಾಗಿ ಒತ್ತಿದ್ದರ ಲಕ್ಷಣ, ಅಲ್ಲಿ ನುಡಿಸುವುದನ್ನು ನಿಲ್ಲಿಸುವುದೇ ಸರಿ.

ಉಂಗುರ ಬೆರಳಿನ ಪರಾಧೀನತೆ

ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ನಡುಬೆರಳನ್ನು ಮಾತ್ರ ಮಡಿಸಿ ಅಂಗೈ ಅಡಿಗೆ ಸೇರಿಸಿ, ಉಳಿದ ಬೆರಳುಗಳನ್ನು ಒಂದೊಂದಾಗಿ ಎತ್ತಲು ಯತ್ನಿಸಿ ನೋಡಬಹುದು. ಹೆಬ್ಬೆರಳು ಏಳುತ್ತದೆ, ತೋರುಬೆರಳು, ಕಿರುಬೆರಳು ಏಳುತ್ತವೆ, ಉಂಗುರ ಬೆರಳು ಮಾತ್ರ ಮೇಜಿಗೆ ಅಂಟಿದಂತೆ ಉಳಿದುಬಿಡುತ್ತದೆ. ಅದರ ಮಾಲೀಕರು ಆಜ್ಞೆ ಕೊಟ್ಟಿದ್ದಾರೆ, ಆದರೆ ಅದನ್ನು ನಡೆಸುವ ಸೌಕರ್ಯ ಆ ಬೆರಳಿಗಿಲ್ಲ.

ಬೆರಳುಗಳನ್ನು ಆಡಿಸುವ ಮುಖ್ಯ ಸ್ನಾಯುಗಳು ಬೆರಳುಗಳಲ್ಲಿಲ್ಲ, ಮುಂದೋಳಿನಲ್ಲಿವೆ. ಅಲ್ಲಿಂದ ಹೊರಟ ಉದ್ದನೆಯ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳುಗಳನ್ನು ಎಳೆಯುತ್ತವೆ. ಬೆರಳುಗಳನ್ನು ಮೇಲೆತ್ತುವ ದೊಡ್ಡ ಸ್ನಾಯು ನಾಲ್ಕು ಬೆರಳುಗಳಿಗೂ ಒಂದೇ, ಅದರ ರಜ್ಜುಗಳು ಅಂಗೈಯ ಹಿಂಬದಿಯಲ್ಲಿ ಅಡ್ಡಪಟ್ಟಿಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ತೋರುಬೆರಳಿಗೂ ಕಿರುಬೆರಳಿಗೂ ಎತ್ತಲೆಂದೇ ಮೀಸಲಾದ ಹೆಚ್ಚುವರಿ ಸ್ನಾಯು ಇದೆ, ನಡುಬೆರಳು ಮತ್ತು ಉಂಗುರ ಬೆರಳಿಗೆ ಆ ಭಾಗ್ಯ ಇಲ್ಲ. ಮಿದುಳಿನಿಂದ ಬರುವ ಆಜ್ಞೆಯೂ ಅಕ್ಕಪಕ್ಕದ ಬೆರಳುಗಳಿಗೆ ಸ್ವಲ್ಪ ಸ್ವಲ್ಪ ಸೋರಿಹೋಗುತ್ತದೆ, ಆದ್ದರಿಂದ ಒಂದು ಬೆರಳು ಒತ್ತಿದಾಗ ಪಕ್ಕದ್ದೂ ತುಸು ಒತ್ತುತ್ತದೆ.

ಕೈ ಮೂಲತಃ ವಸ್ತುಗಳನ್ನು ಇಡಿಯಾಗಿ ಹಿಡಿಯಲು ಒಗ್ಗಿದ್ದು, ಅಲ್ಲಿ ಬೆರಳುಗಳು ಕೂಡಿ ಮುಚ್ಚಿಕೊಳ್ಳುವುದೇ ಅನುಕೂಲ. ಗಿಟಾರ್ ಆ ಒಕ್ಕೂಟವನ್ನು ಒಡೆಯಲು ಕೇಳುತ್ತದೆ. ಅನುಭವಿ ವಾದಕರಲ್ಲೂ ರಜ್ಜುಗಳ ಹೆಣಿಗೆ ಬಿಚ್ಚಿಕೊಂಡಿರುವುದಿಲ್ಲ. ಅವರ ಮಿದುಳು ಆ ಹೆಣಿಗೆಯ ಲೆಕ್ಕ ಹಿಡಿದು, ಪಕ್ಕದ ಬೆರಳಿನ ಸೋರಿಕೆಯನ್ನು ಸರಿದೂಗಿಸಿ ಆಜ್ಞೆ ಕೊಡಲು ಕಲಿತಿರುತ್ತದೆ.

ಮುಕ್ಕಾಲು ಸೆಕೆಂಡಿನ ಲೆಕ್ಕ

ಸಿ ಕಾರ್ಡಿನಲ್ಲಿ ಉಂಗುರ ಬೆರಳು ಎ ತಂತಿಯ ಮೂರನೆಯ ಫ್ರೆಟ್‌ನಲ್ಲಿ, ನಡುಬೆರಳು ಡಿ ತಂತಿಯ ಎರಡನೆಯದರಲ್ಲಿ, ತೋರುಬೆರಳು ಬಿ ತಂತಿಯ ಮೊದಲನೆಯದರಲ್ಲಿ ಇರುತ್ತವೆ. ಸಾಮಾನ್ಯ ಜಿ ಕಾರ್ಡಿಗೆ ಬರಬೇಕಾದರೆ ನಡುಬೆರಳು ದಪ್ಪ ಇ ತಂತಿಯ ಮೂರನೆಯ ಫ್ರೆಟ್‌ಗೆ ಏರಬೇಕು, ತೋರುಬೆರಳು ಎ ತಂತಿಯ ಎರಡನೆಯದಕ್ಕೆ ಹಾರಬೇಕು, ಉಂಗುರ ಬೆರಳು ನಡುವಿನ ಮೂರು ತಂತಿಗಳನ್ನು ದಾಟಿ ತೆಳು ಇ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಇಳಿಯಬೇಕು. ಮೂರೂ ಬೆರಳು ಎದ್ದು, ಸರಿದು, ಇಳಿಯುವುದನ್ನು ಬಿಡಿಸಿ ಎಣಿಸಿದರೆ ಒಂಬತ್ತು ಸಣ್ಣ ಕೆಲಸಗಳಾಗುತ್ತವೆ.

ಇದಕ್ಕೆ ಸಿಗುವ ಸಮಯ ಎಷ್ಟು? ನಿಮಿಷಕ್ಕೆ 80 ಪೆಟ್ಟಿನ ನಿಧಾನವಾದ ಹಾಡಿನಲ್ಲಿ ಒಂದು ಪೆಟ್ಟಿಗೆ ಮುಕ್ಕಾಲು ಸೆಕೆಂಡು. ಬಲಗೈ ಪ್ರತಿ ಪೆಟ್ಟಿಗೂ ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಮೀಟುತ್ತಿದ್ದರೆ ಎರಡು ಮೀಟುಗಳ ನಡುವೆ ಉಳಿಯುವುದು ಅದರ ಅರ್ಧ, ಅಂದರೆ ಸೆಕೆಂಡಿನ ಹತ್ತನೇ ನಾಲ್ಕು ಭಾಗಕ್ಕಿಂತ ಕಡಿಮೆ. ಕಣ್ಣಿಂದ ನೋಡಿ, ಬೆರಳು ಎಲ್ಲಿದೆ ಎಂದು ಅರಿತು, ಅದಕ್ಕೆ ತಕ್ಕಂತೆ ಹೊಸ ಆಜ್ಞೆ ಕೊಡಲು ಮನುಷ್ಯನಿಗೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಹಿಡಿಯುತ್ತದೆ. ಒಂಬತ್ತು ಕೆಲಸಗಳನ್ನೂ ಹೀಗೆ ನೋಡಿ ನೋಡಿ ಮಾಡಿದರೆ ಎರಡು ಸೆಕೆಂಡಿನ ಹತ್ತಿರ ಬರುತ್ತದೆ, ಅಷ್ಟರಲ್ಲಿ ಹಾಡು ಎರಡೂವರೆ ಪೆಟ್ಟು ಮುಂದೆ ಹೋಗಿರುತ್ತದೆ. ಹೊಸಬರ ಕೈ ತಡವರಿಸುವುದರಲ್ಲಿ ಯಾವ ದೋಷವೂ ಇಲ್ಲ. ಅವರು ನಡೆಸುತ್ತಿರುವ ವಿಧಾನಕ್ಕೆ ಅದಕ್ಕಿಂತ ವೇಗ ಸಾಧ್ಯವೇ ಇಲ್ಲ.

ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ 1951ರಲ್ಲಿ ಪ್ರಕಟಿಸಿದ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಈ ಲೆಕ್ಕವನ್ನೇ ಇನ್ನಷ್ಟು ತೀಕ್ಷ್ಣವಾಗಿ ಮುಂದಿಟ್ಟರು. ಪಳಗಿದ ಸಂಗೀತಗಾರರ ಬೆರಳು ಸೆಕೆಂಡಿಗೆ ಹದಿನಾರು ಚಲನೆಗಳವರೆಗೂ ಹೋಗಬಲ್ಲುದಾದ್ದರಿಂದ, ಒಂದು ಚಲನೆ ಮುಗಿದ ಸುದ್ದಿ ಮಿದುಳಿಗೆ ತಲುಪಿ, ಆ ಸುದ್ದಿಯೇ ಮುಂದಿನ ಚಲನೆಯನ್ನು ಎಬ್ಬಿಸುತ್ತದೆ ಎನ್ನಲು ಕಾಲಾವಕಾಶವೇ ಇಲ್ಲವೆಂದು ಅವರು ವಾದಿಸಿದರು. ಹಾಗಿದ್ದರೆ ಇಡೀ ಸರಣಿ ಮೊದಲ ಬೆರಳು ಅಲುಗುವ ಮುನ್ನವೇ ಎಲ್ಲೋ ಸಿದ್ಧವಾಗಿ ಕುಳಿತಿರಬೇಕು.

ಹೂ ಕಟ್ಟುವ ಕೈ

ಮಾರುಕಟ್ಟೆಯ ಬದಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುವ ಹೆಂಗಸಿನ ಕೈಯನ್ನು ಗಮನಿಸಿದರೆ ಈ ಸಿದ್ಧತೆ ಏನೆಂಬುದು ಕಣ್ಣಿಗೇ ಕಾಣುತ್ತದೆ. ಈ ಕಡೆಗೆ ಎರಡು ಮೊಗ್ಗು, ಆ ಕಡೆಗೆ ಎರಡು ಮೊಗ್ಗು, ತೊಟ್ಟುಗಳ ಸುತ್ತ ದಾರದ ಒಂದು ಸುತ್ತು, ಒಂದು ಕುಣಿಕೆ, ಒಂದು ಬಿಗಿತ. ಆಕೆಯ ಕಣ್ಣು ಗಿರಾಕಿಯ ಮೇಲಿದೆ, ಬಾಯಿ ಮೊಳಕ್ಕೆ ಎಷ್ಟೆಂದು ಚೌಕಾಸಿ ಮಾಡುತ್ತಿದೆ, ಕೈ ಮಾತ್ರ ನಿಲ್ಲದೆ ಮಾಲೆಯನ್ನು ಉದ್ದ ಮಾಡುತ್ತಿದೆ. ಆಕೆಗೆ ಅದು ಐದು ಕೆಲಸಗಳಲ್ಲ, ಒಂದೇ ಕೆಲಸ. ಕಲಿಯಲು ಕುಳಿತ ಮಗಳಿಗೆ ಅದೇ ಐದು ಬೇರೆ ಬೇರೆ ಕೆಲಸ, ಒಂದನ್ನು ಮಾಡುವಾಗ ಇನ್ನೊಂದು ಜಾರುತ್ತದೆ, ಮಾತನಾಡಿಸಿದರೆ ಎಲ್ಲವೂ ಉದುರುತ್ತವೆ.

ಬಿಡಿ ಚಲನೆಗಳು ಹೀಗೆ ಕೂಡಿ ಒಂದೇ ಘಟಕವಾಗುವುದನ್ನು ಚಲನಗಂಟು ಎನ್ನಬಹುದು, ಸಂಶೋಧಕರ ವಲಯದಲ್ಲಿ ಇದಕ್ಕೆ ಚಂಕ್ ಎಂಬ ಹೆಸರು ರೂಢಿಯಲ್ಲಿದೆ. ಗಂಟು ಕಟ್ಟಿದ ಮೇಲೆ ಮಿದುಳು ಅದರ ಒಳಗಿನ ಪ್ರತಿ ಎಳೆಯನ್ನೂ ಕರೆಯಬೇಕಿಲ್ಲ, ಗಂಟನ್ನು ಎಳೆದರೆ ಉಳಿದದ್ದು ತಾನಾಗಿ ಸರಣಿಯಾಗಿ ಬಿಚ್ಚಿಕೊಳ್ಳುತ್ತದೆ. ಈ ಕೆಲಸದಲ್ಲಿ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗುಂಪುಗಳ ಪಾತ್ರ ದೊಡ್ಡದು. ಅಮೆರಿಕದ ಎಂಐಟಿಯಲ್ಲಿ ಆ್ಯನ್ ಗ್ರೇಬಿಯಲ್ ಅವರ ತಂಡ 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕವಲುದಾರಿಯಲ್ಲಿ ಓಡಿ ತಿನಿಸು ಹುಡುಕಲು ಕಲಿಯುವ ಇಲಿಗಳ ಈ ಭಾಗದ ನರಕೋಶಗಳನ್ನು ಗಮನಿಸಲಾಯಿತು. ಕಲಿಕೆಯ ಆರಂಭದಲ್ಲಿ ಆ ನರಕೋಶಗಳು ಓಟದ ಉದ್ದಕ್ಕೂ ಮಿಡಿಯುತ್ತಿದ್ದವು, ಓಟ ರೂಢಿಯಾದ ಬಳಿಕ ಮಿಡಿತ ಬಹುಮಟ್ಟಿಗೆ ಆರಂಭ ಮತ್ತು ಕೊನೆಯ ಹತ್ತಿರ ಗುಂಪುಗೂಡಿತು. ನಡುವಿನ ದಾರಿಗೆ ಪ್ರತ್ಯೇಕ ಮೇಲ್ವಿಚಾರಣೆ ಬೇಡವಾಗಿತ್ತು. ಹಿಂದಲೆಯಲ್ಲಿರುವ ಕಿರುಮಿದುಳು ಇನ್ನೊಂದು ಕಡೆಯಿಂದ ನೆರವಾಗುತ್ತದೆ: ಈ ಆಜ್ಞೆ ಕೊಟ್ಟರೆ ಬೆರಳಿಗೆ ಏನು ಅನಿಸಬೇಕು ಎಂದು ಅದು ಮುಂದಾಗಿಯೇ ಅಂದಾಜು ಮಾಡುತ್ತದೆ, ಅಂದಾಜಿಗೂ ನಿಜವಾಗಿ ಆದದ್ದಕ್ಕೂ ವ್ಯತ್ಯಾಸ ಕಂಡಾಗ ಮುಂದಿನ ಆಜ್ಞೆಯನ್ನು ತಿದ್ದುತ್ತದೆ.

ಗಿಟಾರಿಗೆ ಇದನ್ನು ಅನ್ವಯಿಸಿದಾಗ ಮೊದಲ ಒಗಟು ಬಿಡಿಸಿಕೊಳ್ಳುತ್ತದೆ. ಸಿ ಕಾರ್ಡನ್ನು ನೂರು ಸಲ ಹಿಡಿದವರಿಗೆ ಸಿ ಎಂಬ ಭಂಗಿ ಬಂದಿರುತ್ತದೆ, ಜಿ ಕಾರ್ಡನ್ನು ನೂರು ಸಲ ಹಿಡಿದವರಿಗೆ ಜಿ ಎಂಬ ಭಂಗಿ. ಸಿ ಇಂದ ಜಿ ಗೆ ಹೋಗುವ ದಾರಿ ಈ ಎರಡರಲ್ಲೂ ಇಲ್ಲ, ಅದು ಮೂರನೆಯ ಸಂಗತಿ, ಅದರ ಗಂಟನ್ನು ಬೇರೆಯಾಗಿಯೇ ಕಟ್ಟಬೇಕು. ಜಿ ಇಂದ ಸಿ ಗೆ ಮರಳುವುದು ನಾಲ್ಕನೆಯದು. ಕಾರ್ಡುಗಳ ಚಿತ್ರಪಟವನ್ನು ಗೋಡೆಗೆ ಅಂಟಿಸಿ ವಾರಕ್ಕೆ ಹತ್ತು ಕಾರ್ಡುಗಳನ್ನು ಬಾಯಿಪಾಠ ಮಾಡುವವರು ಒಂದು ಹಾಡನ್ನೂ ಪೂರ್ತಿ ನುಡಿಸಲಾಗದೆ ಉಳಿಯುವುದು ಇದೇ ಕಾರಣಕ್ಕೆ.

ಬಿಡುವಿನಲ್ಲಿ ನಡೆಯುವ ಕೆಲಸ

ಎರಡನೆಯ ಒಗಟು ಇನ್ನೂ ಕುತೂಹಲಕರ, ಏಕೆಂದರೆ ಗಂಟು ಬಿಗಿಯಾಗುವುದು ಬಹಳಷ್ಟು ಮಟ್ಟಿಗೆ ಕೈ ಸುಮ್ಮನಿದ್ದಾಗ. 2002ರಲ್ಲಿ ಮ್ಯಾಥ್ಯೂ ವಾಕರ್, ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನದಲ್ಲಿ ಭಾಗವಹಿಸಿದವರು ಎಡಗೈಯ ನಾಲ್ಕು ಬೆರಳುಗಳಿಂದ ಐದು ಒತ್ತುಗಳ ಒಂದು ಸರಣಿಯನ್ನು ಕೀಲಿಮಣೆಯ ಮೇಲೆ ಸಾಧ್ಯವಾದಷ್ಟು ಬೇಗ, ತಪ್ಪಿಲ್ಲದೆ ಒತ್ತುವುದನ್ನು ಅಭ್ಯಾಸ ಮಾಡಿದರು. ಅಭ್ಯಾಸ ಮುಗಿಸಿ ಹಗಲಿಡೀ ಎಚ್ಚರವಿದ್ದು ಮರಳಿದವರಲ್ಲಿ ಗಣನೀಯ ಸುಧಾರಣೆ ಕಾಣಲಿಲ್ಲ. ಒಂದು ರಾತ್ರಿ ನಿದ್ದೆ ಮಾಡಿ ಬಂದವರ ವೇಗ, ನಡುವೆ ಯಾವ ಅಭ್ಯಾಸವೂ ಇಲ್ಲದೆ, ಸುಮಾರು ಶೇ 20ರಷ್ಟು ಹೆಚ್ಚಿತ್ತು, ತಪ್ಪುಗಳು ಹೆಚ್ಚಿರಲಿಲ್ಲ. ಎಡಗೈ, ನಾಲ್ಕು ಬೆರಳು, ನಿಗದಿಯಾದ ಸರಣಿ: ಗಿಟಾರ್ ಕಲಿಯುವವರ ಪರಿಸ್ಥಿತಿಗೆ ಇದಕ್ಕಿಂತ ಹತ್ತಿರದ ಪ್ರಯೋಗ ಸಿಗುವುದು ಕಷ್ಟ.

ರಾತ್ರಿಯವರೆಗೂ ಕಾಯಬೇಕಿಲ್ಲ ಎಂಬ ಸುಳಿವೂ ನಂತರ ಸಿಕ್ಕಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಲಿಯೊನಾರ್ಡೊ ಕೋಹೆನ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರು ಹತ್ತು ಸೆಕೆಂಡು ಬೆರಳಾಡಿಸಿ ಹತ್ತು ಸೆಕೆಂಡು ಸುಮ್ಮನಿರಬೇಕಿತ್ತು, ಆರಂಭದ ಹಂತದ ಸುಧಾರಣೆ ಬಹುಮಟ್ಟಿಗೆ ಆ ಪುಟ್ಟ ಬಿಡುವುಗಳಲ್ಲೇ ಕಾಣಿಸಿಕೊಂಡಿತು. 2021ರಲ್ಲಿ ಅದೇ ತಂಡ, ಬಿಡುವಿನ ಹೊತ್ತಿನಲ್ಲಿ ಮಿದುಳು ಆಗಷ್ಟೇ ಕಲಿತ ಸರಣಿಯನ್ನು ನಿಜವಾದ ವೇಗಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಬೇಗ ಮತ್ತೆ ಮತ್ತೆ ಓಡಿಸಿ ನೋಡಿಕೊಳ್ಳುವ ಗುರುತುಗಳನ್ನು ದಾಖಲಿಸಿತು. ಈ ಬಿಡುವಿನ ಲಾಭದಲ್ಲಿ ಎಷ್ಟು ಪಾಲು ನಿಜವಾದ ಕಲಿಕೆ, ಎಷ್ಟು ಪಾಲು ದಣಿವು ಆರಿದ್ದರಿಂದ ಕಂಡದ್ದು ಎಂಬ ಬಗ್ಗೆ ಸಂಶೋಧಕರಲ್ಲಿ ಜಗಳ ಇನ್ನೂ ಮುಗಿದಿಲ್ಲ, ನಿದ್ದೆಯ ಪ್ರಯೋಗಗಳ ಮೇಲೂ ಇಂಥದೇ ಆಕ್ಷೇಪ ಬಂದಿದೆ. ಕಲಿಯುವವರ ಮಟ್ಟಿಗೆ ಆ ಜಗಳ ಯಾವ ಕಡೆ ತೀರ್ಮಾನವಾದರೂ ನಷ್ಟವಿಲ್ಲ: ದಣಿದ ಕೈಯನ್ನು ಇನ್ನಷ್ಟು ದುಡಿಸುವುದರಿಂದ ಪ್ರಯೋಜನವಿಲ್ಲ ಎಂಬುದು ಎರಡೂ ವಾದಗಳಿಗೆ ಹೊಂದುತ್ತದೆ. ಒಂದು ಗಂಟೆ ತಿಕ್ಕಿದ ಮೇಲೆ ಕೈ ಹದಗೆಟ್ಟಂತೆ ಕಂಡದ್ದು ಕಲಿಕೆ ಅಳಿದದ್ದಲ್ಲ, ಅದನ್ನು ದಣಿವು ಮುಚ್ಚಿದ್ದು.

ಗಿಟಾರ್ ಕೈಯಲ್ಲಿ ಇಲ್ಲದಾಗಲೂ ಒಂದಿಷ್ಟು ಕೆಲಸ ನಡೆಯಬಲ್ಲುದು ಎಂಬುದಕ್ಕೂ ಆಧಾರವಿದೆ. ಆಲ್ವಾರೊ ಪಾಸ್ಕುವಲ್ ಲಿಯೋನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಿಯಾನೊ ಗೊತ್ತಿಲ್ಲದ ವಯಸ್ಕರು ದಿನಕ್ಕೆ ಎರಡು ಗಂಟೆಯಂತೆ ಐದು ದಿನ ಐದು ಬೆರಳಿನ ಪಾಠವೊಂದನ್ನು ಅಭ್ಯಾಸ ಮಾಡಿದಾಗ ಆ ಬೆರಳುಗಳನ್ನು ಆಳುವ ಮಿದುಳಿನ ಪ್ರದೇಶ ಹಿಗ್ಗಿತು. ಕೀಲಿಗಳನ್ನು ಒತ್ತದೆ ಮನಸ್ಸಿನಲ್ಲೇ ನುಡಿಸಿದವರಲ್ಲೂ ಅಂಥ ಹಿಗ್ಗು ಕಂಡಿತು, ಆದರೆ ಅವರ ನುಡಿಸಾಣಿಕೆ ನಿಜವಾಗಿ ನುಡಿಸಿದವರಷ್ಟು ಸುಧಾರಿಸಿರಲಿಲ್ಲ. ಬಸ್ಸಿನಲ್ಲಿ ಕುಳಿತು ಸಿ ಇಂದ ಜಿ ಗೆ ಬೆರಳು ಹೋಗುವುದನ್ನು ಕಲ್ಪಿಸಿಕೊಳ್ಳುವುದು ಹೀಗಾಗಿ ತೀರಾ ವ್ಯರ್ಥವಲ್ಲ.

ತಪ್ಪೂ ಗಂಟಾಗುತ್ತದೆ

ಮಿದುಳು ಗಂಟು ಕಟ್ಟುವಾಗ ಸರಿ ತಪ್ಪು ನೋಡುವುದಿಲ್ಲ, ಪುನರಾವರ್ತನೆಯನ್ನಷ್ಟೇ ನೋಡುತ್ತದೆ. ಸಿ ಇಂದ ಜಿ ಗೆ ಹೋಗುವಾಗ ಪ್ರತಿ ಸಲವೂ ಉಂಗುರ ಬೆರಳು ಮೊದಲು ಬಿ ತಂತಿಯ ಮೇಲೆ ಬಿದ್ದು, ಆಮೇಲೆ ಜಾಗ ಸರಿಪಡಿಸಿಕೊಂಡರೆ, ಆ ತಡವರಿಕೆಯೂ ಸರಣಿಯ ಒಂದು ಭಾಗವಾಗಿ ಕಟ್ಟಿಕೊಳ್ಳುತ್ತದೆ. ಗುರು ಎದುರಿಗಿದ್ದರೆ ಅದನ್ನು ಎರಡನೆಯ ದಿನವೇ ಹಿಡಿಯುತ್ತಿದ್ದರು. ತಾವಾಗಿಯೇ ಕಲಿಯುವವರಿಗೆ ಆ ಕೆಲಸಕ್ಕೆ ಉಳಿದಿರುವುದು ಸ್ವಂತ ಕಿವಿ, ಕಿರುಮಿದುಳಿಗೂ ತಿದ್ದುಪಡಿಯ ಕಚ್ಚಾ ಸಾಮಗ್ರಿ ಸಿಗುವುದು ಅಲ್ಲಿಂದಲೇ. ಆರು ತಂತಿಗಳನ್ನು ಒಟ್ಟಿಗೆ ಮೀಟಿದಾಗ ಐದು ತಂತಿಗಳ ನಾದ ಒಂದರ ಮೌನವನ್ನು ಮುಚ್ಚಿಹಾಕುತ್ತದೆ. ಕಾರ್ಡ್ ಹಿಡಿದು ಒಂದೊಂದೇ ತಂತಿಯನ್ನು ಬಿಡಿಯಾಗಿ ಮೀಟಿ ಕೇಳಿದರೆ ಯಾವುದು ಸತ್ತಿದೆ, ಯಾವುದು ಜರ್ ಎನ್ನುತ್ತಿದೆ ಎಂಬುದು ಬಯಲಾಗುತ್ತದೆ. ಶ್ರುತಿ ಸರಿಯಿಲ್ಲದ ಗಿಟಾರಿನಲ್ಲಿ ಈ ತಪಾಸಣೆಯೇ ಸುಳ್ಳಾಗುವುದರಿಂದ, ಪ್ರತಿ ಸಲ ಎತ್ತಿಕೊಂಡಾಗಲೂ ಶ್ರುತಿ ನೋಡಿಕೊಳ್ಳುವುದು ಅಭ್ಯಾಸದ ಪೀಠಿಕೆಯಲ್ಲ, ಅಭ್ಯಾಸವೇ.

ಈಗಿನ ಕಲಿಕೆಯಲ್ಲಿ ವಿಡಿಯೊಗಳ ಪಾತ್ರ ದೊಡ್ಡದು, ಅವುಗಳಿಂದ ಆಗುವ ಉಪಕಾರವೂ ಕಡಿಮೆಯದಲ್ಲ. ಆದರೆ ಮೈಕೆಲ್ ಕಾರ್ಡಾಸ್ ಮತ್ತು ಎಡ್ ಓಬ್ರಯನ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳು ಒಂದು ಎಚ್ಚರಿಕೆ ಕೊಡುತ್ತವೆ. ಮೇಜಿನ ಬಟ್ಟೆಯನ್ನು ಪಾತ್ರೆಗಳು ಬೀಳದಂತೆ ಎಳೆಯುವ ಚಮತ್ಕಾರದಂಥವನ್ನು ಮತ್ತೆ ಮತ್ತೆ ನೋಡಿದವರಿಗೆ ತಾವೂ ಅದನ್ನು ಮಾಡಬಲ್ಲೆವೆಂಬ ಭರವಸೆ ಹೆಚ್ಚಿತು, ಮಾಡುವ ಸಾಮರ್ಥ್ಯ ಮಾತ್ರ ಒಂದು ಸಲ ನೋಡಿದವರಿಗಿಂತ ಹೆಚ್ಚಿರಲಿಲ್ಲ. ನೋಡುವಾಗ ಕಣ್ಣಿಗೆ ಹೆಜ್ಜೆಗಳು ತಿಳಿಯುತ್ತವೆ, ಬೆರಳಿಗೆ ಹೇಗೆ ಅನಿಸಬೇಕು ಎಂಬುದು ತಿಳಿಯುವುದಿಲ್ಲ.

ತಪ್ಪು ಗಂಟಾಗದಂತೆ ತಡೆಯುವ ಉಪಾಯ ನಿಧಾನ. ಬೆರಳು ತಪ್ಪದೆ ಇಳಿಯುವಷ್ಟು ವೇಗ ಯಾವುದೋ ಅದೇ ಆ ದಿನದ ವೇಗ, ಅದು ನಿಮಿಷಕ್ಕೆ 40 ಪೆಟ್ಟೇ ಆಗಿದ್ದರೂ ಸರಿ. ಇದು ದಕ್ಷಿಣ ಭಾರತದ ಸಂಗೀತ ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ: ಪುರಂದರದಾಸರು ರೂಪಿಸಿದರೆಂದು ಪರಂಪರೆ ಹೇಳುವ ಸರಳೆ ವರಸೆ, ಜಂಟಿ ವರಸೆಗಳನ್ನು ಮಾಯಾಮಾಳವಗೌಳದಲ್ಲಿ ಮೊದಲ ಕಾಲದಲ್ಲಿ ಗಟ್ಟಿ ಮಾಡಿ, ಆಮೇಲೆ ಎರಡನೆಯ, ಮೂರನೆಯ ಕಾಲಕ್ಕೆ ಒಯ್ಯುವ ಕ್ರಮದಲ್ಲಿ ಇದೇ ತತ್ತ್ವ ಇದೆ. ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಪ್ರತಿ ಕಾಲಕ್ಕೂ ವೇಗ ಇಮ್ಮಡಿಯಾಗುತ್ತದೆ, ಗಿಟಾರಿನ ಕಾರ್ಡ್ ಬದಲಾವಣೆಗೆ ಆ ಜಿಗಿತ ತುಂಬ ದೊಡ್ಡದು. ಮೆಟ್ರೊನೋಮ್ ಎಂಬ ಲಯಯಂತ್ರದಲ್ಲಿ ನಾಲ್ಕೈದು ಪೆಟ್ಟುಗಳಂತೆ ಏರಿಸುತ್ತ ಹೋಗುವುದು ಕೈಗೆ ಹೆಚ್ಚು ಸಹ್ಯ.

ಅರ್ಧ ಗಂಟೆಯ ಹಂಚಿಕೆ

ಗಂಟು ಕಟ್ಟುವ ಈ ಬಗೆ ಅರ್ಥವಾದರೆ ಅಭ್ಯಾಸದ ಸ್ವರೂಪ ತಾನಾಗಿ ಬದಲಾಗುತ್ತದೆ. ಕಲಿಯಬೇಕಾದ ಘಟಕ ಕಾರ್ಡ್ ಅಲ್ಲ, ಕಾರ್ಡುಗಳ ಜೋಡಿ. ಜೋಡಿಗಳನ್ನು ಆರಿಸುವುದರಲ್ಲೂ ಜಾಣತನಕ್ಕೆ ಜಾಗವಿದೆ, ಏಕೆಂದರೆ ಎಲ್ಲ ದಾರಿಗಳೂ ಸಿ ಇಂದ ಜಿ ಯಷ್ಟು ದುರ್ಗಮವಲ್ಲ. ಸಿ ಇಂದ ಎ ಮೈನರ್‌ಗೆ ಹೋಗಲು ತೋರುಬೆರಳು, ನಡುಬೆರಳು ಅಲುಗಬೇಕಾಗಿಯೇ ಇಲ್ಲ, ಉಂಗುರ ಬೆರಳೊಂದು ಎ ತಂತಿಯಿಂದ ಜಿ ತಂತಿಯ ಎರಡನೆಯ ಫ್ರೆಟ್‌ಗೆ ಸರಿದರೆ ಆಯಿತು. ಇ ಮೇಜರ್ ಮತ್ತು ಎ ಮೈನರ್‌ಗಳಲ್ಲಿ ಬೆರಳುಗಳ ಆಕಾರ ಒಂದೇ, ಇಡೀ ಆಕಾರ ಒಂದು ತಂತಿಯಷ್ಟು ಕೆಳಗೆ ಇಳಿಯುತ್ತದೆ ಅಷ್ಟೆ. ಇಂಥ ಜೋಡಿಗಳಲ್ಲಿ ಗಂಟು ಸಣ್ಣದಾದ್ದರಿಂದ ಬೇಗ ಕೂಡುತ್ತದೆ, ಮೂರೂ ಬೆರಳು ಒಟ್ಟಿಗೆ ಹೊರಡುವ ಅನುಭವ ಕೈಗೆ ಮೊದಲ ಬಾರಿ ಸಿಗುತ್ತದೆ.

ಒಂದೇ ಜೋಡಿಯನ್ನು ಅರ್ಧ ಗಂಟೆ ತಿಕ್ಕುವುದಕ್ಕಿಂತ ಮೂರು ಜೋಡಿಗಳನ್ನು ಒಂದೆರಡು ನಿಮಿಷಗಳಂತೆ ಕಲಸಿ ಅಭ್ಯಾಸ ಮಾಡುವುದು ಆ ಹೊತ್ತಿಗೆ ಕೆಟ್ಟದಾಗಿ ಕೇಳಿಸುತ್ತದೆ, ಆದರೆ ಹೆಚ್ಚು ದಿನ ಉಳಿಯುತ್ತದೆ. ಜಾನ್ ಶಿಯಾ ಮತ್ತು ರಾಬಿನ್ ಮಾರ್ಗನ್ 1979ರಲ್ಲಿ ತೋರಿಸಿದ್ದು ಇದನ್ನೇ: ಮರದ ತಡೆಗಳನ್ನು ನಿಗದಿತ ಕ್ರಮದಲ್ಲಿ ಬೀಳಿಸುವ ಮೂರು ಬಗೆಯ ಕೆಲಸಗಳನ್ನು ಒಂದಾದ ಮೇಲೆ ಒಂದರಂತೆ ಮುಗಿಸಿ ಕಲಿತವರು ಅಭ್ಯಾಸದ ವೇಳೆ ಮುಂದಿದ್ದರು, ಕಲಸಿ ಕಲಿತವರು ಹಿಂದಿದ್ದರು, ಕೆಲವು ದಿನ ಬಿಟ್ಟು ಪರೀಕ್ಷಿಸಿದಾಗ ಸ್ಥಾನಗಳು ಅದಲುಬದಲಾಗಿದ್ದವು. ಪ್ರತಿ ಸಲ ಹೊಸದಾಗಿ ಗಂಟನ್ನು ಹುಡುಕಿ ಎಳೆಯಬೇಕಾದ್ದರಿಂದ ಎಳೆಯುವ ಕ್ರಿಯೆಯೂ ಅಭ್ಯಾಸವಾಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು. ಹಾಡಿನಲ್ಲಿ ಯಾವ ಕಾರ್ಡೂ ಐವತ್ತು ಸಲ ಸತತವಾಗಿ ಬರುವುದಿಲ್ಲ ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವೂ ಇಲ್ಲ.

ಬಲಗೈಗೆ ಸಂಬಂಧಿಸಿದ ನಿಯಮ ಒಂದೇ, ಎಡಗೈಗಾಗಿ ಅದು ಕಾಯಬಾರದು. ಬೆರಳು ಇನ್ನೂ ತಲುಪದಿದ್ದರೂ ಬಲಗೈ ತನ್ನ ಲಯದಲ್ಲಿ ಮೀಟುತ್ತ ಹೋದರೆ ತೆರೆದ ತಂತಿಗಳ ಒಂದು ಕೊಳಕು ಸದ್ದು ಬರುತ್ತದೆ, ಬರಲಿ. ಬಲಗೈ ನಿಂತು ಕಾದರೆ ಆ ನಿಲುಗಡೆಯೇ ಗಂಟಿನೊಳಗೆ ಸೇರಿಕೊಳ್ಳುತ್ತದೆ.

ಮಿದುಳಿನ ನಕ್ಷೆ, ಎಫ್ ಎಂಬ ಅಪವಾದ

ವರ್ಷಗಟ್ಟಲೆ ಇದನ್ನು ಮಾಡಿದವರ ಮಿದುಳಿನಲ್ಲಿ ಗುರುತು ಉಳಿಯುತ್ತದೆ. ಥಾಮಸ್ ಎಲ್ಬರ್ಟ್ ಮತ್ತು ಸಹೋದ್ಯೋಗಿಗಳು 1995ರಲ್ಲಿ ಆರು ಪಿಟೀಲು ವಾದಕರು, ಇಬ್ಬರು ಚೆಲೊ ವಾದಕರು ಮತ್ತು ಒಬ್ಬ ಗಿಟಾರ್ ವಾದಕರನ್ನು ಪರೀಕ್ಷಿಸಿದಾಗ, ಎಡಗೈ ಬೆರಳುಗಳ ಸ್ಪರ್ಶವನ್ನು ಗ್ರಹಿಸುವ ಮಿದುಳಿನ ಪ್ರದೇಶ ವಾದ್ಯ ನುಡಿಸದವರಿಗಿಂತ ಹಿಗ್ಗಿರುವುದು ಕಂಡಿತು. ಬಲಗೈಯಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ, ಎಡ ಹೆಬ್ಬೆರಳಿನಲ್ಲಿ ಕಡಿಮೆ ಇತ್ತು. ಚಿಕ್ಕ ವಯಸ್ಸಿನಲ್ಲಿ ಆರಂಭಿಸಿದವರಲ್ಲಿ ಹಿಗ್ಗು ಹೆಚ್ಚು. ಒಂಬತ್ತು ಜನರ ಮೇಲಿನ ಅಧ್ಯಯನದಿಂದ ನಲವತ್ತರ ವಯಸ್ಸಿನಲ್ಲಿ ಗಿಟಾರ್ ಎತ್ತಿಕೊಂಡವರು ನಿರಾಶರಾಗಬೇಕಾದ್ದಿಲ್ಲ, ಪಿಯಾನೊ ಪ್ರಯೋಗದ ವಯಸ್ಕರಲ್ಲಿ ಐದೇ ದಿನಕ್ಕೆ ಬದಲಾವಣೆ ಕಂಡಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಈ ವಾದ ಪೂರ್ತಿ ಸಲ್ಲದ ಒಂದು ಕಾರ್ಡಿನ ಮಾತು ಉಳಿಯುತ್ತದೆ. ಎಫ್ ಮೇಜರ್ ಕಾರ್ಡಿನ ಪೂರ್ಣ ರೂಪದಲ್ಲಿ ತೋರುಬೆರಳು ಮೊದಲ ಫ್ರೆಟ್‌ನಲ್ಲಿ ಆರೂ ತಂತಿಗಳ ಮೇಲೆ ಅಡ್ಡಲಾಗಿ ಮಲಗಬೇಕು, ಇದನ್ನು ಬಾರ್ ಕಾರ್ಡ್ ಎನ್ನುತ್ತಾರೆ. ಸಾವಿರಾರು ಕಲಿಕೆಗಳು ನಿಂತುಹೋಗುವುದು ಇಲ್ಲೇ ಎನ್ನಿಸುವಷ್ಟು ಇದರ ಕುಖ್ಯಾತಿ. ಇಲ್ಲಿ ಬಲವೂ ನಿಜಕ್ಕೂ ಬೇಕು, ಅದಕ್ಕಿಂತ ಹೆಚ್ಚಾಗಿ ವಾದ್ಯ ಸರಿಯಿರಬೇಕು. ತಂತಿಗಳು ಕತ್ತಿನ ತುದಿಯಲ್ಲಿ ನಟ್ ಎಂಬ ಪಟ್ಟಿಯ ಸೀಳುಗಳಲ್ಲಿ ಕುಳಿತಿರುತ್ತವೆ. ಆ ಸೀಳುಗಳ ಆಳ ಸಾಲದಿದ್ದರೆ ತಂತಿ ಎತ್ತರದಲ್ಲಿ ನಿಂತು, ಪಕ್ಕದಲ್ಲೇ ಇರುವ ಮೊದಲ ಫ್ರೆಟ್‌ಗೆ ಅದನ್ನು ಒತ್ತುವುದು ದುಸ್ಸಾಧ್ಯವಾಗುತ್ತದೆ. ಅದೇ ಆಕಾರವನ್ನು ಐದನೆಯ ಫ್ರೆಟ್‌ನಲ್ಲಿ ಹಿಡಿದಾಗ ಸುಲಭವಾಗಿ ನುಡಿದು, ಮೊದಲನೆಯದರಲ್ಲಿ ಮಾತ್ರ ಕೈಕೊಟ್ಟರೆ ತಪ್ಪು ಬೆರಳಿನದಲ್ಲದಿರುವ ಸಂಭವ ಹೆಚ್ಚು. ಪರೀಕ್ಷಿಸುವುದು ಸುಲಭ: ಒಂದು ತಂತಿಯನ್ನು ಎರಡನೆಯ ಮತ್ತು ಮೂರನೆಯ ಫ್ರೆಟ್‌ಗಳ ನಡುವೆ ಒತ್ತಿ ಹಿಡಿದು ಮೊದಲ ಫ್ರೆಟ್‌ನ ಮೇಲೆ ಉಳಿಯುವ ಸಂದನ್ನು ನೋಡಬೇಕು, ಅದು ತೆಳು ಕಾಗದದಷ್ಟು ಇದ್ದರೆ ಸರಿ, ಅದಕ್ಕಿಂತ ಬಹಳ ಹೆಚ್ಚಿದ್ದರೆ ಗಿಟಾರನ್ನು ರಿಪೇರಿಯವರ ಬಳಿಗೆ ಒಯ್ದು ನಟ್‌ನ ಸೀಳುಗಳನ್ನು ಆಳ ಮಾಡಿಸಬೇಕು, ಅಲ್ಲಿಯವರೆಗೆ ತೆಳು ತಂತಿಗಳ ಕಡೆಯ ನಾಲ್ಕನ್ನು ಮಾತ್ರ ಹಿಡಿಯುವ ಸಣ್ಣ ಎಫ್‌ನಿಂದ ಹಾಡು ನಡೆಯುತ್ತದೆ.